ಹನ್ನೊಂದನೆಯ ಪುಟದ ಬಾಳೆಹಣ್ಣಿನ ವಿಚಾರ

ಬೂಟು ಪಾಲಿಶ್, ಬ್ರಷ್ಷು ಹಾಗೂ ಸಕಲ ಪಾದರಕ್ಷಾ ಪರಿಕರಗಳ ತಯಾರಕರಾದ ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯಲ್ಲಿ ಮೇಣ ಕಾಯಿಸುವವರಿಗೂ, ಪಾಲಿಶ್ ಡಬ್ಬಿಯ ಮುಚ್ಚಳವನ್ನು ನಮ್ಮ ಉಗುರು ಕಿತ್ತುಬರುವಷ್ಟು ಭದ್ರವಾಗಿ ಮುಚ್ಚುವ ಆ ಅಜ್ಞಾತ ಬಲಶಾಲಿಗೂ ನನ್ನ ಅನಂತ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವಾಗಿದ್ದೀರೆಂದೂ, ತಮ್ಮ ಬೂಟುಗಳು ಸದಾ ಮಿರಮಿರನೆ ಮಿಂಚುತ್ತಿವೆಯೆಂದೂ, ಆ ಬೂಟುಗಳೊಳಗೆ ತಮ್ಮ ಕಾಲುಗಳ ಹೊರತು ಬೇರೇನೂ ಇಲ್ಲವೆಂದೂ ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕೊನೆಯ ಮಾತು ಏಕೆ ಬಂತೆಂಬುದು ಮುಂದೆ ತಮಗೇ ತಿಳಿಯುತ್ತದೆ.

ಮೊದಲಿಗೆ ನನ್ನ ಪರಿಚಯ. ನಾನು ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದವನು. ‘ಅಕ್ಷರ ನೋಡು, ಅರ್ಥದ ಗೊಡವೆ ನಿನಗೆ ಬೇಡ’ ಎಂದು ನಮ್ಮ ಮಾಲೀಕರು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು, ನಾನು ಅದನ್ನು ಶಿರಸಾವಹಿಸಿ ಪಾಲಿಸಿದೆ. ಅದರ ಫಲವೇನೆಂದರೆ, ಅಚ್ಚಾಗಿ ಬಂದ ವಾಕ್ಯದಲ್ಲಿ ಕಾಗುಣಿತ ಸರಿಯಿದ್ದರೆ ಆ ಮಾತೂ ಸರಿಯೇ ಇರಬೇಕು ಎಂಬ ನಂಬಿಕೆ ನನ್ನ ಮೈಗೆ ಅಂಟಿಬಿಟ್ಟಿದೆ. ಎತ್ತು ಈಯಿತು ಎಂದು ಯಾರಾದರೂ ಬಾಯಲ್ಲಿ ಹೇಳಿದರೆ ನಾನು ನಗುತ್ತೇನೆ, ಆದರೆ ಅದೇ ಮಾತನ್ನು ಒತ್ತಕ್ಷರ ತಪ್ಪಿಲ್ಲದೆ ಅಚ್ಚು ಹಾಕಿಸಿ ಕೊಟ್ಟರೆ ಕರುವನ್ನು ಕೊಟ್ಟಿಗೆಗೆ ಕಟ್ಟಲು ಹಗ್ಗ ಹುಡುಕುತ್ತೇನೆ. ನಮ್ಮ ಅಣ್ಣ ನನ್ನನ್ನು ಹೆಸರು ಹಿಡಿದು ಕರೆಯದೆ ‘ಒಪ್ಪೋಲೆ’ ಎನ್ನುತ್ತಾನೆ. ಪುಸ್ತಕದ ಕೊನೆಯಲ್ಲಿ ‘ತಪ್ಪು’, ‘ಒಪ್ಪು’ ಎಂದು ಎರಡು ಸಾಲು ಮಾಡಿ ಪಟ್ಟಿ ಹಾಕಿರುತ್ತಾರಲ್ಲ, ಅದೇ ಒಪ್ಪೋಲೆ.

ಈ ಅಣ್ಣ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿ ಬರುವ ಕೆಲಸದಲ್ಲಿದ್ದವನು. ಬೀದಿ ತಿರುಗುವವನಿಗೆ ಬೂಟೇ ಬಂಡವಾಳ ಎಂಬುದು ಅವನ ಸಿದ್ಧಾಂತವಾದ್ದರಿಂದ ಅವನ ಬಳಿ ಐದು ಜೊತೆ ಬೂಟುಗಳಿವೆ, ಮತ್ತು ಆ ಐದರ ಸೇವೆಗೆಂದು ಹತ್ತೊಂಬತ್ತು ವರ್ಷದ ಹಿಂದೆ ಕೊಂಡ ತಮ್ಮ ಕಂಪನಿಯ ಮರದ ಪೆಟ್ಟಿಗೆಯಿದೆ. ಅದರೊಳಗೆ ಎರಡು ಬ್ರಷ್ಷು, ಮೂರು ಡಬ್ಬಿ, ಒಂದು ಹಳದಿ ಬಟ್ಟೆ ಮತ್ತು ‘ಪಾದರಕ್ಷೆಗಳ ಪಾಲನೆ-ಪೋಷಣೆ’ ಎಂಬ ಹದಿನಾರು ಪುಟದ ತಮ್ಮ ಕೈಪಿಡಿ ಇವೆ. ಕೈಪಿಡಿಯನ್ನು ಅಣ್ಣ ಒಂದು ದಿನವೂ ಬಿಡಿಸಿ ನೋಡಲಿಲ್ಲ. ‘ಬೂಟು ಒರೆಸೋಕೂ ಪುಸ್ತಕ ಓದಬೇಕೇನೋ?’ ಎಂಬುದು ಅವನ ವಾದ.

ಆದರೆ ಮಾನ್ಯರೇ, ನಾನು ಓದಿದೆ. ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಅಣ್ಣ ಆಸ್ಪತ್ರೆ ಸೇರುವ ಮುಂಚಿನ ದಿನ, ಅತ್ತಿಗೆಗೆ ಮನೆಯನ್ನೂ ನನಗೆ ಬೂಟುಗಳನ್ನೂ ಒಪ್ಪಿಸಿ, ‘ಲೋ ಒಪ್ಪೋಲೆ, ನಿನ್ನ ಕೈಗೆ ಕೊಡೋದು ಅಂದ್ರೆ ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೆ, ಆದ್ರೂ ಬೇರೆ ಗತಿ ಇಲ್ಲ, ನೋಡ್ಕೋ’ ಎಂದು ಹೋದ. ಎರಡು ವರ್ಷದಿಂದ ಅವನು ಮೆಟ್ಟಿಲು ಹತ್ತಿರಲಿಲ್ಲ, ಮಹಡಿಯ ಮೇಲಿನ ನನ್ನ ಕೋಣೆಯಲ್ಲಿ ಏನು ನಡೆಯುತ್ತದೆಂದು ಕೆಳಗಿನಿಂದಲೇ ಕೂಗಿ ವಿಚಾರಿಸುತ್ತಿದ್ದ. ಆ ಕೂಗು ಇಲ್ಲದ ಮನೆಯಲ್ಲಿ ನನಗೆ ಹೊತ್ತು ಹೋಗದೆ, ಐದೂ ಜೊತೆಗಳನ್ನು ಮೇಲಕ್ಕೆ ಸಾಗಿಸಿ, ತಮ್ಮ ಕೈಪಿಡಿಯನ್ನು ಎದುರಿಗಿಟ್ಟುಕೊಂಡು ಕುಳಿತೆ.

ಎಂಥ ಕೃತಿ ಅದು! ಕ್ಯಾನ್ವಾಸ್ ಬೂಟನ್ನು ಸೋಪಿನ ನೀರಲ್ಲಿ ತಿಕ್ಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಹಳದಿ ತಿರುಗುತ್ತದೆ ಎಂದಿದ್ದೀರಿ, ಹಾಗೇ ಮಾಡಿದೆ, ಹಾಲಿನಂತೆ ಬೆಳ್ಳಗಾಯಿತು. ಮಖಮಲ್ಲಿನ ಹಾಗೆ ನವಿರಾಗಿರುವ ಚರ್ಮದ ಬೂಟಿಗೆ ನೀರು ಸೋಕಿಸಲೇಬೇಡಿ, ಒಂದೇ ದಿಕ್ಕಿಗೆ ಬ್ರಷ್ಷು ಎಳೆಯಿರಿ, ಕಲೆಯಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಎಂದಿದ್ದೀರಿ. ಬದುಕಿಡೀ ಅಳಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಇದಕ್ಕಿಂತ ಸಂತೋಷದ ಸಲಹೆ ಬೇಕೇ? ಗಂಬೂಟನ್ನು ತೊಳೆದು ತಲೆಕೆಳಗಾಗಿ ನೇತುಹಾಕಿದೆ. ಕನ್ನಡಿಯಂಥ ಕರಿಬೂಟಿಗೆ ಒಂದು ಹನಿ ಎಣ್ಣೆ ಸವರಿ, ಅದರಲ್ಲಿ ನನ್ನ ಮುಖ ನೋಡಿಕೊಂಡು ತಲೆ ಬಾಚಿದೆ. ಐದನೆಯದು ಅಣ್ಣನ ಪ್ರಾಣವಾದ ಕಂದು ಬೂಟು. ಅದಕ್ಕೆ ಧೂಳು ಜಾಡಿಸಿ, ಪಾಲಿಶ್ ಹಚ್ಚಿ, ಹತ್ತು ನಿಮಿಷ ಕಾದು, ಹಳದಿ ಬಟ್ಟೆಯಿಂದ ಉಜ್ಜಿ, ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಕಾಲಿಗೆ ಹಾಕಿಕೊಂಡೆ.

ಇದನ್ನು ತಪ್ಪೆನ್ನುವಿರಾದರೆ ಒಪ್ಪಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದ ಅಣ್ಣ ಹಾಕಿ ಬಿಟ್ಟ ಬೂಟುಗಳನ್ನೇ ಹಾಕಿ ಬೆಳೆದವನು ನಾನು, ಅವನು ಬಿಡುವ ಮುಂಚೆಯೇ ಒಂದು ಜೊತೆಯನ್ನು ಹಾಕಿ ನೋಡುವ ಆಸೆ ಅರವತ್ತೆರಡನೆಯ ವಯಸ್ಸಿಗಾದರೂ ಬರಬಾರದೇ? ಹಾಕಿಕೊಂಡು ನೆಟ್ಟಗೆ ಆಸ್ಪತ್ರೆಗೇ ಹೋದೆ. ಅಲ್ಲಿ ನೋಡಿದರೆ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಐದು ದಿನವಾದರೂ ಅಣ್ಣ ನೆಲಕ್ಕೆ ಕಾಲು ಊರಿರಲಿಲ್ಲ. ವ್ಯಾಯಾಮ ಹೇಳಿಕೊಡುವಾಕೆ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಹೀಗೇ ಬಿಟ್ಟರೆ ಮೊಣಕಾಲು ಬಿಗಿದುಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ ಎಂದು ವೈದ್ಯರು ಅತ್ತಿಗೆಯನ್ನು ಹೊರಗೆ ಕರೆದು ಹೇಳಿದ್ದರು. ದಿನಕ್ಕೆ ಇನ್ನೂರು ಮನೆ ಮೆಟ್ಟಿಲು ತುಳಿದವನು ಈಗ ಒಂದು ಹೆಜ್ಜೆಗೆ ಹೆದರುತ್ತಿದ್ದಾನೆ ಎಂಬುದನ್ನು ನೋಡಿ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ. ಆಗ ಅಣ್ಣ ಸೂರು ನೋಡುತ್ತ ಹೇಳಿದ: ‘ಈ ಆಸ್ಪತ್ರೆ ಸ್ಲಿಪ್ಪರ್‌ನಲ್ಲಿ ನಾನು ಹೆಜ್ಜೆ ಇಡಲ್ಲ. ನಾಳೆ ಬೆಳಿಗ್ಗೆ ನನ್ನ ಕಂದು ಬೂಟು ತಂದ್ಕೊಡು, ನೋಡೋಣ.’

ಮಾನ್ಯರೇ, ಆ ಕ್ಷಣದಲ್ಲಿ ಅವನ ಕಂದು ಬೂಟುಗಳು ಅವನ ಮಂಚದ ಅಡಿಯಲ್ಲಿಯೇ ಇದ್ದವು, ನನ್ನ ಕಾಲುಗಳೂ ಅವುಗಳ ಒಳಗಿದ್ದವು. ಅಲ್ಲೇ ಬಿಚ್ಚಿ ಕೊಟ್ಟಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ, ಆದರೆ ಧೈರ್ಯವೆಂಬುದು ನಮ್ಮ ಮನೆಯಲ್ಲಿ ಹಿರಿಯರಿಗೆ ಮಾತ್ರ ಹಂಚಿಕೆಯಾದ ಸೊತ್ತು. ‘ಆಗಲಿ’ ಎಂದು ಕಾಲನ್ನು ಇನ್ನಷ್ಟು ಒಳಕ್ಕೆ ಸರಿಸಿ, ಅವನು ಕಣ್ಣು ಮುಚ್ಚಿದ ಕೂಡಲೇ ಹೊರಬಿದ್ದೆ. ಹೊರಗೆ ಧೋ ಎಂದು ಮಳೆ. ಬಸ್ಸಿಗೆ ಓಡುವಾಗ ಮೊಣಕಾಲುದ್ದದ ಗುಂಡಿಯೊಂದು ಎರಡೂ ಬೂಟುಗಳನ್ನು ಕಂಠಪೂರ್ತಿ ತುಂಬಿಸಿ ಕಳಿಸಿತು.

ಮನೆಗೆ ಬಂದವನೇ ತಮ್ಮ ಪಾದಗಳಿಗೆ, ಅಂದರೆ ತಮ್ಮ ಕೈಪಿಡಿಗೆ, ಶರಣಾದೆ. ಹನ್ನೊಂದನೆಯ ಪುಟದಲ್ಲಿ ‘ಚರ್ಮದ ಬೂಟು ಒದ್ದೆಯಾದಾಗ’ ಎಂಬ ತಲೆಬರಹದಡಿ ತಾವು ಅಪ್ಪಣೆ ಕೊಡಿಸಿದ್ದು ಹೀಗಿದೆ: ‘ಒದ್ದೆ ಬೂಟನ್ನು ಬಿಸಿಲಿಗಾಗಲಿ ಬೆಂಕಿಗಾಗಲಿ ಒಡ್ಡಬಾರದು. ಹಳೆಯ ಬಾಳೆಯನ್ನು ಚೆನ್ನಾಗಿ ಮುದ್ದೆ ಮಾಡಿ, ಬೂಟಿನ ತುದಿಯವರೆಗೂ ಒತ್ತಿ ತುಂಬಿ, ಬೆಳಗಿನವರೆಗೆ ಬಿಡಬೇಕು. ಅದು ತೇವವನ್ನೆಲ್ಲ ಹೀರಿಕೊಂಡು ಬೂಟಿನ ಆಕಾರವನ್ನು ಕಾಪಾಡುತ್ತದೆ.’ ನಾನು ಮೂರು ಸಲ ಓದಿದೆ. ಕಾಗುಣಿತ ಸರಿಯಾಗಿತ್ತು. ದೀರ್ಘವಿರುವಲ್ಲಿ ದೀರ್ಘವಿತ್ತು, ಪೂರ್ಣವಿರಾಮವಿರುವಲ್ಲಿ ಪೂರ್ಣವಿರಾಮವಿತ್ತು. ಬಾಳೆಸಿಪ್ಪೆಯಿಂದ ಉಜ್ಜಿದರೆ ಬೂಟಿಗೆ ಹೊಳಪು ಬರುತ್ತದೆಂದು ಎಲ್ಲೋ ಕೇಳಿದ ನೆನಪೂ ಇತ್ತು. ಅನುಮಾನಕ್ಕೆ ಆಸ್ಪದವೆಲ್ಲಿ?

ಮನೆಯಲ್ಲಿದ್ದ ಹಣ್ಣುಗಳು ಹೊಸವು, ತಮ್ಮ ಆಜ್ಞೆಯೋ ‘ಹಳೆಯ’ ಎಂದು. ಕೊಡೆ ಹಿಡಿದು ಬೀದಿಯ ಕೊನೆಯ ಹಣ್ಣಿನಂಗಡಿಗೆ ಹೋಗಿ ಇರುವುದರಲ್ಲಿ ತೀರ ಹಳೆಯದನ್ನು ಕೊಡಿ ಎಂದೆ. ಆ ಅಂಗಡಿಯವನು ತನ್ನ ವ್ಯಾಪಾರದಲ್ಲಿ ಅಂಥ ಬೇಡಿಕೆಯನ್ನು ಕೇಳಿರಲಿಲ್ಲವೆಂದು ಕಾಣುತ್ತದೆ, ಕಪ್ಪಗಾದ ಒಂದು ಡಜನ್ನನ್ನು ಕೈಗಿಟ್ಟು ‘ಮನೇಲಿ ಎಲ್ಲಾ ಹುಷಾರಾಗಿದ್ದಾರಾ?’ ಎಂದು ವಿಚಾರಿಸಿದ. ಅತ್ತಿಗೆಯಂತೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅಲ್ಲಪ್ಪಾ, ಬಾಳೆಹಣ್ಣನ್ನ ಬೂಟಿಗೆ ತುಂಬೋರನ್ನ ಎಲ್ಲಾದ್ರೂ ನೋಡಿದ್ದೀಯಾ? ನಿನಗೇನು ಬಂತು?’ ಎಂದು ಹಣೆ ಚಚ್ಚಿಕೊಂಡರು. ನಾನು ಹನ್ನೊಂದನೆಯ ಪುಟವನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ‘ಹೌದಲ್ಲೋ, ಹಾಗೇ ಬರ್ದಿದೆ’ ಎಂದು ಮುದ್ದೆ ಮಾಡಲು ಒಂದು ಸೌಟು ಕೊಟ್ಟರು. ಅಚ್ಚಿನ ಮಹಿಮೆ ಅಂಥದ್ದು. ಬಲಗಾಲಿಗೆ ಆರು, ಎಡಗಾಲಿಗೆ ಆರು, ಸಮಪಾಲು ಹಿಡಿಸಿತು.

ಬೆಳಿಗ್ಗೆ ಎದ್ದು ನೋಡಿದಾಗ ಬೂಟಿನ ಆಕಾರ ನಿಜಕ್ಕೂ ಕಾಪಾಡಲ್ಪಟ್ಟಿತ್ತು, ಅದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇನೆ. ತೇವ ಮಾತ್ರ ಇದ್ದಲ್ಲೇ ಇದ್ದು, ಜೊತೆಗೆ ಹಣ್ಣಿನ ರಸವನ್ನೂ ಕರೆದುಕೊಂಡಿತ್ತು. ಮೆಟ್ಟಿಲ ಕೆಳಗಿನಿಂದ ನನ್ನ ಕೋಣೆಯವರೆಗೆ ಇರುವೆಗಳು ಒಂದೇ ಸಾಲಿನಲ್ಲಿ ಶಿಸ್ತಾಗಿ ಬರುತ್ತಿದ್ದವು. ಬೂಟಿನ ನಾಲಿಗೆಗೆ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಸಿಹಿ ತಿನ್ನುವ ಯೋಗ ಬಂದಿತ್ತು. ಚಮಚದಲ್ಲಿ ಬಗೆದೆ, ಬಟ್ಟೆಯಲ್ಲಿ ಒರೆಸಿದೆ, ಅತ್ತಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಕೊಟ್ಟರು, ಅದರಿಂದಲೂ ತಿಕ್ಕಿದೆ. ಹೊತ್ತು ಮೀರುತ್ತಿತ್ತು. ಹೊರಗೆ ಪಾಲಿಶ್ ಬಳಿದು ಚೀಲಕ್ಕೆ ಹಾಕಿ, ದೇವರ ಮೇಲೆ ಭಾರ ಹಾಕಿ, ಇಬ್ಬರೂ ಆಸ್ಪತ್ರೆಗೆ ಹೊರಟೆವು.

ಅಣ್ಣ ಮಂಚದ ಅಂಚಿಗೆ ಬಂದು ಕುಳಿತಿದ್ದ. ಬೂಟಿನ ಹೊಳಪು ನೋಡಿ ಅವನ ಮುಖ ಅರಳಿತು, ‘ಪರವಾಗಿಲ್ವೋ’ ಎಂದ. ಆ ಮಾತನ್ನು ಅವನ ಬಾಯಿಂದ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆನೆಂಬುದು ನನಗೇ ಗೊತ್ತು. ಆರೋಗ್ಯವಾಗಿದ್ದ ಕಾಲನ್ನು ಮೊದಲು ಒಳಗೆ ತೂರಿಸಿದ. ತುದಿಯಲ್ಲಿ ಏನೋ ಪಚಕ್ ಎಂದಿತು. ಅಣ್ಣ ಕಾಲು ಹೊರಗೆಳೆದು, ಬೆರಳ ಸಂದಿಯಿಂದ ಒಂದಿಷ್ಟು ತೆಗೆದು ಮೂಸಿ, ನನ್ನನ್ನು ನೋಡಿದ. ನಾನು ಕೈಪಿಡಿಯ ಹನ್ನೊಂದನೆಯ ಪುಟವನ್ನು ಮುಂದೆ ಹಿಡಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅಣ್ಣ ತಮ್ಮ ಕೃತಿಯನ್ನು ಓದಿದ. ಓದಿ ಮುಗಿಸಿ, ‘ಲೋ ಒಪ್ಪೋಲೆ, ಅದು ಬಾಳೆ ಅಲ್ಲ ಕಣೋ ಕತ್ತೆ, ಹಾಳೆ! ಹಳೇ ಹಾಳೆ! ಪೇಪರ್ ಮುದ್ದೆ ಮಾಡಿ ತುಂಬೋದು ಕಣೋ!’ ಎಂದು ಕೂಗಿದವನೇ ಆ ಬೂಟನ್ನು ಕೈಗೆತ್ತಿಕೊಂಡ.

ಅಣ್ಣ ಬೂಟೆತ್ತಿಕೊಂಡು ಎದ್ದ. ನಾನು ಬಾಗಿಲಿಗೆ ಓಡಿದೆ. ಅವನು ಹಿಂದೆ ಬಂದ. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಬೂಟು, ಬಾಯಲ್ಲಿ ನನ್ನ ಸಹಸ್ರನಾಮ. ಹೊರಗಿನ ಕಾರಿಡಾರಿನಲ್ಲಿ ವ್ಯಾಯಾಮ ಹೇಳಿಕೊಡುವಾಕೆ ನಿಂತಿದ್ದು, ತಡೆಯಲು ಹೋದ ಅತ್ತಿಗೆಯ ತೋಳು ಹಿಡಿದು ನಿಲ್ಲಿಸಿ ಗಟ್ಟಿಯಾಗಿ ಎಣಿಸತೊಡಗಿದಳು. ಹದಿನೇಳು ಹೆಜ್ಜೆ! ಹದಿನೆಂಟನೆಯದಕ್ಕೆ ಅಣ್ಣನಿಗೆ ತಾನು ನಡೆಯುತ್ತಿದ್ದೇನೆಂಬುದು ಹೊಳೆಯಿತು. ಬೂಟು ಕೆಳಗಿಳಿಸಿ, ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು, ಅತ್ತಿಗೆ ಅತ್ತರು, ನಾನೂ ಅತ್ತೆ, ಸಂತೋಷಕ್ಕೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳಿವೆ. ಮೊದಲನೆಯದಾಗಿ, ಒಂದೇ ಒಂದು ಅಕ್ಷರದಿಂದ ನನ್ನ ಮಾನವನ್ನೂ ಅಣ್ಣನ ಬೂಟನ್ನೂ ಹಾಳುಮಾಡಿದ ಆ ಕರಡು ತಿದ್ದಿದ ಮಹಾನುಭಾವನನ್ನು ಪತ್ತೆಹಚ್ಚಿ, ಬಾಳೆಹಣ್ಣು ತುಂಬಿದ ಬೂಟಿನಲ್ಲಿ ಊರು ಸುತ್ತಿಸಬೇಕು. ಹಾ ಮತ್ತು ಬಾ ನಡುವಿನ ವ್ಯತ್ಯಾಸ ತಿಳಿಯದವನು ಆ ಕಸುಬಿಗೇ ಕಳಂಕವೆಂದು ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ. ಹಾಗೆಂದು ಆ ತಪ್ಪನ್ನು ಮಾತ್ರ ತಿದ್ದಬೇಡಿ. ಮೊಣಕಾಲಿನ ರೋಗಿಗಳಿರುವ ಎಲ್ಲ ಆಸ್ಪತ್ರೆಗಳಿಗೂ ಕೈಪಿಡಿಯನ್ನು ಇದ್ದ ಹಾಗೆಯೇ ಕಳಿಸಿ, ಜೊತೆಗೆ ಪ್ರತಿ ರೋಗಿಗೂ ಒಬ್ಬೊಬ್ಬ ತಮ್ಮನನ್ನು ಪೂರೈಸಬೇಕು. ಕಂದು ಬೂಟಿನೊಳಗೆ ಇನ್ನೂ ಇಣುಕುತ್ತಿರುವ ಇರುವೆಗಳಿಗೆ ಜಾಗ ಖಾಲಿ ಮಾಡುವಂತೆ ತಮ್ಮ ಮೊಹರಿನೊಂದಿಗೆ ಒಂದು ನೋಟೀಸನ್ನೂ ದಯಪಾಲಿಸಬೇಕು, ನನ್ನ ಮಾತನ್ನು ಅವು ಕೇಳುತ್ತಿಲ್ಲ.

ಇಂತಿ,
ತಮ್ಮ ವಿಶ್ವಾಸಿ (ಅಣ್ಣನಿಗಾದರೆ ಬರೀ ತಮ್ಮ, ವಿಶ್ವಾಸ ಈಗಷ್ಟೇ ಚಿಗುರುತ್ತಿದೆ),
ನಿವೃತ್ತ ಕರಡು ತಿದ್ದುಗ

ಮರೆತ ಮಾತು: ಲಕೋಟೆಯ ಮೇಲೆ ತಮ್ಮ ವಿಳಾಸ ಬರೆಯಲೆಂದು ಕೈಪಿಡಿಯ ಕೊನೆಯ ಪುಟವನ್ನು ಈಗ ತಾನೇ ತಿರುವಿದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರಿದೆ. ಅದು ನಮ್ಮದೇ ಮುದ್ರಣಾಲಯ, ಆ ವರ್ಷ ಅಲ್ಲಿ ಕರಡು ತಿದ್ದುವವನು ಒಬ್ಬನೇ ಇದ್ದ. ‘ಹಳೆಯ ಹಾಳೆ’ ಎಂದು ಸರಿಯಾಗಿಯೇ ಬಂದಿದ್ದ ಕರಡಿನಲ್ಲಿ ಒಂದೇ ಪದ ಎರಡು ಸಲ ಬಿದ್ದಿದೆಯೆಂದು ಭ್ರಮಿಸಿ, ಕೆಂಪು ಶಾಯಿಯಲ್ಲಿ ‘ಹಾ’ ಹೊಡೆದು ‘ಬಾ’ ಬರೆದು, ಏನೋ ಸಾಧಿಸಿದವನಂತೆ ಎದ್ದು ಚಹಾ ಕುಡಿಯಲು ಹೋದದ್ದು ಅವನಿಗೆ ಈಗ ಚೆನ್ನಾಗಿ ನೆನಪಾಗುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಅವನು ಹಲವು ಪುಸ್ತಕಗಳಲ್ಲಿ ತಿದ್ದಿದ್ದಾನೆ. ಆದ್ದರಿಂದ ನನ್ನ ಮೊದಲನೆಯ ವಿನಂತಿಯನ್ನು ಹಿಂತೆಗೆದುಕೊಂಡಿದ್ದೇನೆ. ಪತ್ರ ಬಹಿರಂಗವಾಗಿಯೇ ಇರಲಿ, ಆದರೆ ಈ ಮರೆತ ಮಾತನ್ನು ಮಾತ್ರ ದಯವಿಟ್ಟು ಎಲ್ಲಿಯೂ ಪ್ರಕಟಿಸಬೇಡಿ. ಅಣ್ಣ ಮನೆಗೆ ಬಂದಿದ್ದಾನೆ, ನಿನ್ನೆಯಿಂದ ಮೆಟ್ಟಿಲನ್ನೂ ಹತ್ತುತ್ತಿದ್ದಾನೆ, ಮತ್ತು ಗಂಬೂಟು ನನ್ನ ಕೋಣೆಯ ಬಾಗಿಲ ಬಳಿಯೇ ನೇತಾಡುತ್ತಿದೆ.