ಅಟ್ಟದ ಕಾಯಿ, ಅವ್ವನ ಹಾಡು

ಒಂದು ವಿಷಯವನ್ನು ಬಹಳ ವರ್ಷ ಪಾಠ ಮಾಡಿದವನಿಗೆ, ಅದು ತನ್ನ ಮನೆಯೊಳಗೇ ಬಂದು ಕೂತಾಗ ಗುರುತು ಸಿಗುವುದಿಲ್ಲ ಎಂಬುದು ನನ್ನ ಅನುಭವ. ತಿಪಟೂರಿನಲ್ಲಿ ನಾನು ಮನಶ್ಶಾಸ್ತ್ರದ ಮೇಷ್ಟ್ರು. ಗಂಟೆ ಬಾರಿಸಿ ಬಾರಿಸಿ ಊಟ ಹಾಕಿದರೆ, ಕಡೆಗೆ ಊಟವಿಲ್ಲದೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುತ್ತದಲ್ಲ, ಆ ಪಾಠವನ್ನು ವರ್ಷವರ್ಷವೂ ಹೇಳುತ್ತಾ ಬಂದಿದ್ದೇನೆ. ಎರಡು ಸಂಗತಿಗಳು ಸದಾ ಜೊತೆಯಾಗಿ ಬಂದರೆ ಮನಸ್ಸು ಅವೆರಡಕ್ಕೂ ಗಂಟು ಹಾಕಿಬಿಡುತ್ತದೆ, ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ ಎನ್ನುವುದು ಅದರ ತಿರುಳು. ವಿದ್ಯಾರ್ಥಿಗಳು ತಿರುಳನ್ನು ಪರೀಕ್ಷೆಯ ಕೋಣೆಯಲ್ಲೇ ಬಿಟ್ಟು ನಾಯಿಯನ್ನು ಮಾತ್ರ ಮನೆಗೆ ಕರೆದುಕೊಂಡು ಹೋದರು. ಅವರ ಮನಸ್ಸಿನಲ್ಲಿ ನಾನೂ ನಾಯಿಯೂ ಜೋಡಿಯಾದೆವು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಮೀಸೆ ನರೆತ ಹಳೆಯ ಶಿಷ್ಯನೊಬ್ಬ ತನ್ನ ಹೆಂಡತಿಗೆ ನನ್ನನ್ನು ತೋರಿಸಿ, "ಇವ್ರೇ ಕಣೇ, ನಾನು ಹೇಳ್ತಿರ್ಲಿಲ್ವಾ, ನಾಯಿ ಮೇಷ್ಟ್ರು" ಎಂದು ಭಕ್ತಿಯಿಂದ ಪರಿಚಯಿಸಿದ. ಆಕೆ ಕೈಮುಗಿದಳು. ಪಾಠವಂತೂ ನಾಟಿದೆ ಎಂದು ಸಮಾಧಾನ ಮಾಡಿಕೊಂಡೆ.

ಈ ವರ್ಷ ನನ್ನ ಮಗಳು ಶಿಲ್ಪಳ ಮದುವೆ ಗೊತ್ತಾಯಿತು. ದಂಡಿನಶಿವರದ ಗಂಡು. ನಮ್ಮಲ್ಲಿ ಮದುಮಗಳನ್ನು ಹಸೆಗೆ ಕರೆಯುವಾಗ ಮನೆಯ ಹಿರಿಯ ಹೆಂಗಸು ಹಾಡು ಹೇಳಬೇಕು. ನಮ್ಮ ಅವ್ವನ ಹಾಡಿಗೆ ನಮ್ಮೂರು ಹಾಲ್ಕುರಿಕೆಯ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ತವರಿನ ತೋಟದ ತೆಂಗಿನ ಮರಗಳು ಒಂದೊಂದಾಗಿ ಹೆಣ್ಣುಮಗಳಿಗೆ ಬುದ್ಧಿ ಹೇಳಿ ಕಳಿಸುವ ಹಾಡು ಅದು. ಅವಳ ಅಜ್ಜಿಯಿಂದ ಅವಳಿಗೆ ಬಂದದ್ದು, ಬೇರೆ ಯಾರಿಗೂ ಬಾರದು. "ಅಜ್ಜಿ ಹಾಡಿದ್ರೆ ಮಾತ್ರ ನಾನು ಹಸೆ ಮೇಲೆ ಕೂರೋದು" ಎಂದು ಶಿಲ್ಪ ಚಿಕ್ಕವಳಿದ್ದಾಗಲೇ ಕರಾರು ಹಾಕಿದ್ದಳು. ಈಗ ಮದುವೆಗೆಂದು ಹಾಡಿಸಿ ನೋಡಿದರೆ ಅವ್ವ ಮೊದಲ ಸಾಲು ಹೇಳಿ ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಶುರುಮಾಡಿ ಮತ್ತೆ ಅಲ್ಲೇ ನಿಂತಳು. "ತಲೆ ಬರಿದಾಯ್ತು ಕಣ್ಲಾ. ಇವತ್ತು ಹಾಡು ಹೋಯ್ತು, ನಾಳೆ ನಿನ್ ಹೆಸ್ರೂ ಹೋಯ್ತದೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅವ್ವ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೂ ಹೆದರಿಕೆಯಾಯಿತು.

ಆದರೆ ನಾಯಿ ಮೇಷ್ಟ್ರು ಸುಮ್ಮನಿರಲು ಸಾಧ್ಯವೇ? ಕಲಿತ ಜಾಗಕ್ಕೆ ಹೋದರೆ ಕಲಿತದ್ದು ಸುಲಭವಾಗಿ ನೆನಪಾಗುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಕಲಿತ ತವರಲ್ಲದಿದ್ದರೂ ಆ ಹಾಡು ಹೇಳುತ್ತಲೇ ಅವಳು ಬಾಳಿದ ಊರಲ್ಲವೇ ಎಂದು ಅವ್ವನನ್ನು ಹಾಲ್ಕುರಿಕೆಗೆ ಕರೆದುಕೊಂಡು ಹೋದೆ. ಹಳೆಯ ಮನೆಯಿದ್ದ ಜಾಗದಲ್ಲಿ ಈಗ ತಮ್ಮನ ತಾರಸಿ ಮನೆ. ಅವ್ವ ಕಾಫಿ ಕುಡಿದು, ಚಿಕ್ಕ ಸೊಸೆಯ ಸೊಂಟನೋವು, ಎಮ್ಮೆಯ ಗಬ್ಬ ಎಲ್ಲವನ್ನೂ ವಿಚಾರಿಸಿಕೊಂಡು ವಾಪಸು ಬಂದಳು. ಹಾಡು ಬರಲಿಲ್ಲ. ವಾಸನೆಗೆ ನೆನಪನ್ನು ಎಬ್ಬಿಸುವ ಶಕ್ತಿಯಿದೆಯಲ್ಲ ಎಂದು ಹಳೆಯ ಮನೆಯ ಒಲೆಯಲ್ಲಿ ಉರಿಯುತ್ತಿದ್ದ ಹಾಗೆ ಅಡುಗೆಮನೆಯಲ್ಲಿ ತೆಂಗಿನ ಚಿಪ್ಪು ಸುಟ್ಟು ಮನೆ ತುಂಬ ಹೊಗೆ ಎಬ್ಬಿಸಿದೆ. ಅದರಿಂದ ನೆನಪು ಮರುಕಳಿಸಿದ್ದು ನನ್ನ ಹೆಂಡತಿ ಗಿರಿಜೆಗೆ. ಮದುವೆಯಾದಂದಿನಿಂದ ನಾನು ಮಾಡಿದ ಅನಾಹುತಗಳನ್ನೆಲ್ಲ ಅವಳು ಒಂದೂ ಬಿಡದೆ ಹೇಳಿದಳು.

ಅವಳು ಹೇಳುತ್ತಿರುವಾಗಲೇ ಆ ಹೊಗೆ ನನ್ನೊಳಗೂ ಒಂದು ನೆನಪನ್ನು ಕೆದಕಿತು. ಹಳೆಯ ಮನೆಯಲ್ಲಿ ಅಡುಗೆಮನೆಯ ಮೇಲೇ ಅಟ್ಟ. ಕಾಯಿ ಕಿತ್ತ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ತುಂಬುವುದು. ಒಲೆಯ ಕಾವಿಗೆ ವರ್ಷದ ಹತ್ತಿರ ಕೂತು, ನೀರು ಬತ್ತಿ, ಒಳಗೊಳಗೇ ಕೊಬ್ಬರಿಯಾಗಬೇಕು. ಅವ್ವ ಕೆಳಗಿನಿಂದ ಎಸೆಯುವಳು, ನಾನು ಮೇಲಿನಿಂದ ಹಿಡಿಯಬೇಕು. ಎಸೆಯುವ ಲಯಕ್ಕೆ ಅವಳ ಬಾಯಲ್ಲಿ ಇದೇ ಹಾಡು. ಬೇಸಿಗೆಯ ಮಧ್ಯಾಹ್ನ ಅಟ್ಟದಲ್ಲಿ ಇಲಿ ಓಡಿದರೆ ಒಣಗಿದ ಕಾಯಿಗಳು ಉರುಳಿ, ಒಳಗಿನ ಕೊಬ್ಬರಿ ಲೊಟಲೊಟ ಅನ್ನುತ್ತಿತ್ತು. ಈಗ ಕಾಯಿಗಳಿಗೆ ತೋಟದಲ್ಲೇ ಶೆಡ್ಡು. ತಲೆಯ ಮೇಲೆ ಆ ಸದ್ದಿಲ್ಲದ ಮನೆಯಲ್ಲಿ ನನಗೆ ಇವತ್ತಿಗೂ ಏನೋ ಕಳೆದುಕೊಂಡ ಹಾಗಿರುತ್ತದೆ.

ಮಾರನೆಯ ದಿನವೇ ಒಂದಷ್ಟು ಕಾಯಿ ತರಿಸಿ, ಏಣಿ ಹಾಕಿ, ಅಡುಗೆಮನೆಯ ಸಜ್ಜದ ಪಕ್ಕ ಹತ್ತಿ ನಿಂತೆ. ಅವ್ವನಿಗೆ ವಯಸ್ಸಾಗಿದ್ದರೂ ಕೈ ಪಳಗಿದ ಕೈ. ಮೊದಲ ಸಾಲು ಹೇಳುತ್ತಾ ಎಸೆದಳು, ಹಿಡಿದೆ. ಹಾಡು ನಿಂತಿತು. ಇನ್ನೊಂದು ಎಸೆದಳು, ಹಿಡಿದೆ. ನಿಂತಿತು. ಕೆಳಗೆ ಗಿರಿಜೆಯ ಹೊಸ ಮಿಕ್ಸಿ ಇದ್ದುದರಿಂದ ನಾನು ಪ್ರಾಣ ಒತ್ತೆಯಿಟ್ಟು ಹಿಡಿಯುತ್ತಿದ್ದೆ. ಆದರೂ ಮುಂದಿನದು ಕೈಜಾರಿ ಸ್ಟೀಲ್ ಕೊಡದ ಮೇಲೆ ಢಣಾರೆಂದು ಬಿತ್ತು. "ಥೂ ನಿನ್ ಕೈ ಸೇದೋಗ! ನೆಟ್ಟಗೆ ಹಿಡ್ಯಾಕಾಗಲ್ವೇನ್ಲಾ!" ಎಂದಳು ಅವ್ವ. ಅದೇ ಉಸಿರಿನಲ್ಲಿ ಎರಡನೆಯ ಸಾಲು ಬಂತು. ಅದರ ಹಿಂದೆ ಇಡೀ ಹಾಡು, ಕಡೆಯ ಮರದವರೆಗೂ. ಗಿರಿಜೆ ಒಲೆ ಆರಿಸಿ ನಿಂತು ಕೇಳಿದಳು. ನನಗೆ ವಿಷಯ ಹೊಳೆಯಿತು. ಆಗೆಲ್ಲ ನಾನು ಕಾಯಿ ಬೀಳಿಸದ ದಿನವೇ ಇರಲಿಲ್ಲ. ಅವ್ವನ ತಲೆಯಲ್ಲಿ ಆ ಹಾಡಿನ ಮೊದಲೆರಡು ಸಾಲಿನ ನಡುವೆ ನನ್ನ ಕೈಜಾರಿದ್ದೂ ಅವಳ ಬೈಗುಳವೂ ಸೇರಿಕೊಂಡುಬಿಟ್ಟಿದ್ದವು. ಕಾಯಿ ಇಲ್ಲದೆ ಮತ್ತೆ ಹಾಡಿಸಿ ನೋಡಿದೆ. ಮೊದಲ ಸಾಲಿಗೇ ನಿಂತಳು.

ಹೀಗಾಗಿ ಕಿಬ್ಬನಹಳ್ಳಿಯ ಛತ್ರದಲ್ಲಿ, ಹೆಣ್ಣಿನ ತಂದೆಯಾದ ನಾನು, ರೇಷ್ಮೆ ಪಂಚೆಯುಟ್ಟು ಬೀಗರ ಎದುರಿಗೆ ಕುರ್ಚಿ ಹತ್ತಿ ನಿಂತೆ. ಇದು ನಮ್ಮ ಕಡೆಯ ಶಾಸ್ತ್ರವಿರಬೇಕೆಂದು ಬೀಗರು ಗೌರವದಿಂದ ನೋಡುತ್ತಿದ್ದರು. ಅವ್ವ ಮೊದಲ ಸಾಲು ಹೇಳಿ ಕಾಯಿ ಎಸೆದಳು. ಜೀವಮಾನದಲ್ಲೇ ಅಂಥ ಕ್ಯಾಚು ನಾನು ಹಿಡಿದಿರಲಿಲ್ಲ. ಬೀಗರು ಚಪ್ಪಾಳೆ ತಟ್ಟಿದರು. ಅವ್ವ ಬಾಯಿ ತೆರೆದುಕೊಂಡು ನಿಂತಿದ್ದಳು, ಹಾಡಿಲ್ಲ. ಮುಂದಿನ ಕಾಯಿಯನ್ನು ಬೇಕೆಂದೇ ಬಿಟ್ಟೆ. ಅವ್ವ ನನ್ನ ಮುಖ ನೋಡಿ, "ಬೇಕಂತ ಬೀಳಿಸ್ದೆ ಕಣ್ಲಾ" ಎಂದಳು ಮೆಲ್ಲಗೆ. ಕೋಪ ಬರಲಿಲ್ಲ, ಹಾಡೂ ಬರಲಿಲ್ಲ. ಹಸೆಯ ಅಂಚಿನಲ್ಲಿ ನಿಂತ ಶಿಲ್ಪಳ ಕಣ್ಣು ತುಂಬಿತು. ಅವಮಾನದಿಂದ ಇಳಿಯಹೊರಟೆ. ಪಂಚೆ ಕಾಲಿಗೆ ಸಿಕ್ಕಿ, ಕುರ್ಚಿ ಸಮೇತ ಬೀಗರ ಕಾಲಬುಡಕ್ಕೆ ಉರುಳಿದೆ.

"ಥೂ ನಿನ್ ಕೈ ಸೇದೋಗ!" ಎಂದಳು ಅವ್ವ. ತಪ್ಪು ಕಾಲಿನದಾದರೂ ಬೈಗುಳ ಕೈಗೇ ಬಿತ್ತು. ಹಿಂದೆಯೇ ಹಾಡು ಹೊರಟಿತು. ತೋಟದ ಮರಗಳು ಒಂದೊಂದಾಗಿ ಮಾತಾಡಿದವು, ಶಿಲ್ಪ ಹಸೆಯ ಮೇಲೆ ಕೂತಳು. ಛತ್ರವೇ ಗಪ್‌ಚಿಪ್ಪಾಗಿ ಕೇಳುತ್ತಿದ್ದುದರಿಂದ ನನ್ನನ್ನು ಎತ್ತಲು ಯಾರೂ ಬರಲಿಲ್ಲ. ನನಗೂ ಏಳುವ ಮನಸ್ಸಿರಲಿಲ್ಲ. ಹಾಡು ಮುಗಿದ ಮೇಲೆ ಬೀಗರು ಬಗ್ಗಿ, "ತುಂಬಾ ನೋವಾಯ್ತೇನ್ರೀ ಬೀಗ್ರೇ, ಕಣ್ಣಲ್ಲಿ ನೀರು ಬರ್ತಾ ಐತಲ್ಲ" ಎಂದರು. ಸೊಂಟ ಹಿಡಿದುಕೊಂಡು ಹೌದೆಂದೆ.