ಎರಡು ಚಿಲಕದ ಗೇಟು, ಒಂದೇ ಬಾಗಿಲಿನ ನಾಟಕ

"ದನ ಅಂದ್ರೇನು, ಲಿಫ್ಟಿಗಿಂತ ದೊಡ್ಡದಾ?" ಎಂದು ಬಸ್ಸು ಹತ್ತುವಾಗಲೇ ಅವರು ಹೆಂಡತಿಗೆ ಸವಾಲು ಹಾಕಿದ್ದರು.

ಇಪ್ಪತ್ತೆಂಟು ವರ್ಷ ಲಿಫ್ಟುಗಳ ತಪಾಸಣೆ ಮಾಡಿದ ಮನುಷ್ಯ. ಎಂಟು ಜನರನ್ನು ಹೊತ್ತು ಹದಿನಾರು ಮಹಡಿ ಏರುವ ಕಬ್ಬಿಣದ ಪೆಟ್ಟಿಗೆಯೇ ತಮ್ಮ ಮಾತು ಕೇಳುವಾಗ, ನಾಲ್ಕು ಕಾಲಿನ ಪ್ರಾಣಿ ಕೇಳದೆ ಇರುತ್ತದೆಯೇ ಎಂಬುದು ಅವರ ವಾದ. "ಜನರನ್ನ ಸುರಕ್ಷಿತವಾಗಿ ಮೇಲೆ ಕಳಿಸೋದೇ ನನ್ನ ಕೆಲಸ" ಎಂದು ಅವರು ಪರಿಚಯ ಹೇಳಿಕೊಂಡಾಗ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುವುದೇಕೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

ಹೊರಟಿದ್ದು ಒಂದು ದನಗಳ ಫಾರ್ಮಿಗೆ. ನಾಲ್ಕು ದಿನ ಅಲ್ಲೇ ಉಳಿದು, ಅಲ್ಲಿನವರ ಜೊತೆ ದುಡಿದು, ಅಲ್ಲೇ ಉಂಡು ಬರುವ ಪ್ರವಾಸ. ಅವರಿಗೆ ಬೇಕಾಗಿದ್ದುದು ದುಡಿಮೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ, ನಾಟಕವೆಂದರೆ ಊಟ ಬಿಟ್ಟು ಓಡುವ ಹೆಂಡತಿಗೆ ಬೇಕಾಗಿದ್ದುದು ಅಲ್ಲಿ ಪ್ರತಿ ಶನಿವಾರ ಸಂಜೆ ಹುಲ್ಲಿನ ಶೆಡ್ಡಿನಲ್ಲಿ ನಡೆಯುವ ನಾಟಕ.

ಮೊದಲ ದಿನ ಹಾಲಿನ ಬಕೆಟ್ಟು ಒದೆಸಿಕೊಂಡರು. ಎರಡನೆಯ ದಿನ ತಾವೇ ಒದೆಸಿಕೊಂಡರು. ಮೂರನೆಯ ದಿನ ಫಾರ್ಮಿನ ಯಜಮಾನಿ, ಅಗತ್ಯಕ್ಕಿಂತ ಒಂದು ಪದವನ್ನೂ ಹೆಚ್ಚು ಆಡದ ಅರವತ್ತರ ಹೆಂಗಸು, ಇವರ ಕೈಗೆ ಕೊಡಬಹುದಾದ ಕೆಲಸ ಯಾವುದೆಂದು ಬಹಳ ಯೋಚಿಸಿ, ತುಂಬು ಗಬ್ಬದ ಹಸುವೊಂದರ ಮುಂದೆ ನಿಲ್ಲಿಸಿದಳು. ಹಸುವಿನ ಹೆಸರು ಮಹಾರಾಣಿ. ನಿಂತ ಠೀವಿಯೂ ಹಾಗೇ ಇತ್ತು.

"ಇವತ್ತೋ ನಾಳೆಯೋ ಕರು ಹಾಕ್ತಾಳೆ. ಮೇವು ಹಾಕಿ, ಗೇಟು ಮುಚ್ಚಿ, ಅಷ್ಟೇ. ಗೇಟಿಗೆ ಎರಡು ಚಿಲಕ. ಮೇಲಿನದನ್ನ ಇವಳು ನಾಲಿಗೆಯಲ್ಲೇ ತೆಗೀತಾಳೆ. ಕೆಳಗಿನದನ್ನ ಮರೀಬೇಡಿ, ಸರ್."

"ಚಿಲಕದ ವಿಷಯ ನನಗೆ ಹೇಳ್ತೀರಾ, ತಾಯಿ?" ಎಂದು ಅವರು ನಕ್ಕರು. "ಮರೆತರೆ ಏನಾಗುತ್ತೆ?"

"ಸೀದಾ ಹೊಂಡದ ಕೆಸರಿಗೆ ಇಳೀತಾಳೆ. ಹೋದ ಸಲ ಅಲ್ಲೇ ಕರು ಹಾಕಿದ್ಲು."

"ಆಮೇಲೆ?"

"ಕರು ಸಿಗಲಿಲ್ಲ."

ಅವರ ನಗು ಅಲ್ಲಿಗೆ ನಿಂತಿತು.

ಅಂದೇ ಶನಿವಾರ. ದನ ಕಾಯುವವರು ಬೇಗ ಮಲಗುತ್ತಾರೆಂದು ನಾಟಕವನ್ನು ಐದು ಗಂಟೆಗೇ ಇಟ್ಟಿದ್ದರು. ಐದಕ್ಕೆ ಎರಡು ನಿಮಿಷವಿರುವಾಗ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಳು. ಅವರು ಮೇವು ಸುರಿದು, ಗೇಟು ಮುಚ್ಚಿ, ಬಕೆಟ್ಟು ಹಿಡಿದುಕೊಂಡೇ ಓಡಿಬಂದು ಮೊದಲ ಸಾಲಿನಲ್ಲಿ ಕುಳಿತರು. ಹಿಂದೆಯೇ ಬಾಗಿಲು ಮುಚ್ಚಿತು.

ಶೆಡ್ಡಿಗೆ ಇದ್ದುದು ಅದೊಂದೇ ಬಾಗಿಲು. ಉಳಿದ ಮೂರು ಕಡೆ ಸೂರಿನವರೆಗೆ ಹುಲ್ಲಿನ ಪೆಂಡಿಗಳು. ಆ ಬಾಗಿಲಿನ ಮುಂದಿನ ಜಾಗವೇ ರಂಗ. ನಾಟಕದಲ್ಲಿ ಅದು ಒಬ್ಬ ಹೆಂಗಸಿನ ಮನೆಯ ಮುಂಬಾಗಿಲು. ಅವಳ ಗಂಡ ಹಡಗು ಹತ್ತಿ ಹೋಗಿ ಇಪ್ಪತ್ತು ವರ್ಷ. ಈ ಬಾಗಿಲು ಯಾವಾಗ ತೆರೆದೀತೆಂದು ಅವಳು ಕಾಯುತ್ತಾಳೆ. ನಟಿ ಬಾಗಿಲನ್ನು ಮುಟ್ಟಿ ಒಂದು ನಿಟ್ಟುಸಿರು ಬಿಟ್ಟಳು. ಸಭೆಯೂ ನಿಟ್ಟುಸಿರು ಬಿಟ್ಟಿತು.

ಆ ಬಾಗಿಲಿನ ಚಿಲಕ ನೋಡಿದ್ದೇ ಅವರಿಗೆ ಮಹಾರಾಣಿಯ ಗೇಟು ನೆನಪಾಯಿತು. ಮೇಲಿನ ಚಿಲಕ ಹಾಕಿದ್ದು ಬಲಗೈಗೆ ನೆನಪಿತ್ತು. ಕೆಳಗಿನದು?

"ಲೇ, ಕೆಳಗಿನ ಚಿಲಕ ಹಾಕಿದ್ನಾ?"

"ನನ್ನನ್ನ ಕೇಳಿದ್ರೆ? ಹಾಕಿರ್ತೀರಿ."

"ಬಕೆಟ್ಟು ಹಿಡ್ಕೊಂಡು ಬಗ್ಗಿದ ನೆನಪೇ ಇಲ್ಲ."

"ರೀ, ಅವಳು ಪಾಪ ಇಪ್ಪತ್ತು ವರ್ಷದಿಂದ ಕಾಯ್ತಿದಾಳೆ. ನೀವು ಒಂದು ಗಂಟೆ ಕಾಯಿರಿ."

ಯಜಮಾನಿಗೆ ಹೇಳೋಣವೆಂದು ತಿರುಗಿದರು. ಹಿಂದಿನ ಸಾಲಿನಲ್ಲಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಲ್ಲದ ಗಂಡನಿಗಾಗಿ ಅಳುತ್ತಿರುವವಳಿಗೆ ಇರುವ ಹಸುವಿನ ಸುದ್ದಿ ಹೇಳುವುದು ಹೇಗೆ? ಅಷ್ಟರಲ್ಲಿ ಹೊರಗೆ ಒಂದು ಹಸು ಕೂಗಿತು. ಅದು ಹೊಂಡದ ಕಡೆಯಿಂದಲೇ ಬಂತೆಂದು ಅವರ ಕಿವಿ ಆಣೆಯಿಟ್ಟು ಹೇಳಿತು.

ಅವರು ಎದ್ದರು. ಹೆಂಡತಿ ಅಂಗಿಯ ತುದಿ ಹಿಡಿದಳು. ಅಂಗಿ ಬಿಡಿಸಿಕೊಂಡು, ಬಕೆಟ್ಟು ಸಮೇತ, ನೇರ ರಂಗದ ಮೇಲೆ ನಡೆದರು.

ನಟಿ ಅರೆಕ್ಷಣ ತಡೆದಳು. ನುರಿತವಳು. "ಎಲ್ಲಿಗೆ ಹೊರಟಿರಿ?" ಎಂದಳು, ಪಾತ್ರ ಬಿಡದೆ.

"ಚಿಲಕ ಹಾಕಿದೀನೋ ಇಲ್ವೋ ನೋಡಿ ಬರ್ತೀನಮ್ಮ" ಎಂದರು ಅವರು, ನಿಜ ಬಿಡದೆ.

"ಹೋಗುವಾಗ ಎಲ್ಲ ಗಂಡಸರೂ ಹೀಗೇ ಏನೋ ಒಂದು ಹೇಳಿ ಹೋಗ್ತಾರೆ" ಎಂದಳು ನಟಿ. ಶೆಡ್ಡು ಚಪ್ಪಾಳೆಯಿಂದ ತುಂಬಿತು.

ಹೊರಗೆ ಬಿಸಿಲು ಇನ್ನೂ ಇತ್ತು. ಓಡಿದರು. ಮಹಾರಾಣಿ ಒಳಗೇ ನಿಂತಿದ್ದಳು. ಮೇಲಿನ ಚಿಲಕ ಹಾಕಿತ್ತು. ಕೆಳಗಿನದೂ ಹಾಕಿತ್ತು.

ಇಲ್ಲಿಗೆ ಹಿಂದಿರುಗಿದ್ದರೆ ಅವರು ಮಾನವಂತರಾಗಿ ಉಳಿಯುತ್ತಿದ್ದರು. ಆದರೆ ಕಣ್ಣಿಗೆ ಸರಿಯಾಗಿ ಕಂಡ ಚಿಲಕವನ್ನು ನಂಬಬಾರದು, ಮೂರು ಸಲ ತೆಗೆದು ಹಾಕಿ ನೋಡಬೇಕು ಎಂಬುದು ಅವರ ಇಲಾಖೆಯ ನಿಯಮ. ತೆಗೆದರು. ಒಂದನೆಯ ಸಲಕ್ಕೇ ಮಹಾರಾಣಿ ಭುಜ ಕೊಟ್ಟು, ಗೇಟನ್ನೂ ಗೇಟಿಗೆ ಅಂಟಿಕೊಂಡ ಅವರನ್ನೂ ಬದಿಗೆ ಸರಿಸಿ, ಹೊಂಡದ ದಾರಿ ಹಿಡಿದಳು.

ಅವರು ಅಡ್ಡದಾರಿಯಲ್ಲಿ ಓಡಿ ಎದುರಿಗೆ ಹೋಗಿ, ಎರಡೂ ಕೈ ಚಾಚಿ, ಕಣ್ಣು ಮುಚ್ಚಿ ನಿಂತರು. ಗುದ್ದು ಬೀಳಲಿಲ್ಲ. ಕಣ್ಣು ಬಿಟ್ಟಾಗ ಮಹಾರಾಣಿ ದಿಕ್ಕು ಬದಲಿಸಿ, ಹುಲ್ಲಿನ ವಾಸನೆ ಹಿಡಿದು ಶೆಡ್ಡಿನ ಕಡೆ ನಡೆದಿದ್ದಳು.

ಒಳಗೆ ನಟಿ, "ಬನ್ನಿ, ಬಾಗಿಲು ನಿಮಗಾಗಿ ತೆರೆದೇ ಇದೆ" ಎನ್ನುವ ಹೊತ್ತು. ಬಾಗಿಲು ತೆರೆಯಿತು. ಮಹಾರಾಣಿ ಬಂದಳು. ಹಿಂದೆ ಏದುಸಿರು ಬಿಡುತ್ತ ಅವರು ಬಂದರು.

ನಟಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಒಬ್ಬರೇ ಬರ್ತೀರಿ ಅಂದ್ಕೊಂಡಿದ್ದೆ."

ಜನ ಬಿದ್ದು ಬಿದ್ದು ನಕ್ಕರು. ನಗದೆ ಇದ್ದವಳು ಯಜಮಾನಿ ಒಬ್ಬಳೇ. ಆಕೆಯ ಕಣ್ಣು ಹಸುವಿನ ಬಾಲದ ಬುಡದಲ್ಲಿತ್ತು. ಎದ್ದು ನೇರ ರಂಗಕ್ಕೆ ಬಂದು ಅವರ ಕಿವಿಯಲ್ಲಿ ಹೇಳಿದಳು: "ಕರುವಿನ ಕಾಲು ಒಂದೇ ಕಾಣ್ತಿದೆ. ಇನ್ನೊಂದು ಮಡಚಿಕೊಂಡಿದೆ. ಕೊರಳ ಹಗ್ಗ ಹಿಡಿದು ಮೆಲ್ಲಗೆ ಆಚೆ ನಡೆಸಿ."

ಶೆಡ್ಡಿನ ಹಿಂದಿನ ಅಂಗಳದಲ್ಲಿ ಯಜಮಾನಿ ಮೊಣಕೈವರೆಗೆ ಕೈ ಹಾಕಿ ಮಡಚಿದ ಕಾಲನ್ನು ಬಿಡಿಸಿದಳು. "ಎಳೀರಿ" ಎಂದಾಗ ಅವರು ಎಳೆದರು, "ನಿಲ್ಸಿ" ಎಂದಾಗ ನಿಲ್ಲಿಸಿದರು. ಹಿಡಿತ ಮಾತ್ರ ಬಿಡಲಿಲ್ಲ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ.

"ತಿಕ್ಕಿ" ಎಂದಳು ಆಕೆ, ಅದರ ಬಾಯಿಂದ ಲೋಳೆ ತೆಗೆಯುತ್ತ. "ನಿಲ್ಲಿಸಬೇಡಿ."

ಹುಲ್ಲಿನಿಂದ ತಿಕ್ಕಿದರು. ಹುಲ್ಲು ಸಾಲದೆ ಅಂಗಿ ಬಿಚ್ಚಿ ತಿಕ್ಕಿದರು. ಎಷ್ಟು ಹೊತ್ತೋ ಅವರಿಗೆ ತಿಳಿಯದು. ಕೊನೆಗೆ ಕರು ಅವರ ಮುಖಕ್ಕೇ ಒಂದು ಸೀನು ಸೀನಿತು. ಅವರು ಅಲ್ಲೇ ಕುಕ್ಕರಿಸಿ ಕುಳಿತು, ಸದ್ದಿಲ್ಲದೆ ಅತ್ತರು.

"ಗೇಟು ತೆಗೆದವರು ಯಾರು?" ಎಂದಳು ಯಜಮಾನಿ.

"ನಾನೇ. ಹಾಕಿದೆಯಾ ಅಂತ ನೋಡೋಕೆ ತೆಗೆದೆ."

ಆಕೆ ಕರುವನ್ನು ಮಹಾರಾಣಿಯ ಮೂಗಿನ ಬಳಿಗೆ ಸರಿಸಿದಳು. "ನಾಟಕ ಮುಗಿಯೋ ತನಕ ನಾನು ಏಳ್ತಿರಲಿಲ್ಲ. ಅಷ್ಟು ಹೊತ್ತು ಕರು ಉಳೀತಿರಲಿಲ್ಲ." ಕೈ ತೊಳೆದುಕೊಂಡು ಇನ್ನೊಂದು ಮಾತು ಸೇರಿಸಿದಳು. "ಆದ್ರೂ ನಾಳೆ ನೀವು ಗೇಟು ಮುಟ್ಟಬೇಡಿ."

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿಗೆ ಅವರು ಎದೆಯುಬ್ಬಿಸಿಕೊಂಡೇ ಬಂದರು. ಎದುರಿಗೆ, ನಾಟಕಕ್ಕೆಂದೇ ಹಿಂದಿನ ಸಂಜೆ ಬಂದಿಳಿದಿದ್ದ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು ಕುಳಿತಿದ್ದರು. ಇವರನ್ನು ನೋಡಿದೊಡನೆ ಡಾಕ್ಟರ ಮುಖ ಅರಳಿತು.

"ನೀವೇ ಅಲ್ವಾ ಗಂಡನ ಪಾತ್ರ ಮಾಡಿದ್ದು? ಒಳ್ಳೇ ನಾಟಕ ಸರ್. ಆ ಹಸುವಂತೂ ಎಷ್ಟು ಸಹಜವಾಗಿ ಮಾಡ್ತು. ತಪ್ಪು ತಿಳೀಬೇಡಿ, ನಿಮ್ಮದು ಮಾತ್ರ ಸ್ವಲ್ಪ ಅತಿಯಾಯ್ತು. ಚಿಲಕಕ್ಕೆಲ್ಲ ಯಾವ ಮನುಷ್ಯ ಅಷ್ಟು ಗಾಬರಿಯಾಗ್ತಾನೆ, ಹೇಳಿ?"

ಅವರು ಬಾಯಿ ತೆರೆಯುವುದರೊಳಗೆ ಹೆಂಡತಿ ಹೇಳಿದಳು. "ನಾನೂ ಇಪ್ಪತ್ತಾರು ವರ್ಷದಿಂದ ಅದನ್ನೇ ಹೇಳ್ತಿದೀನಿ."

"ಅಷ್ಟು ವರ್ಷದಿಂದ ನಡೀತಿದೆಯಾ ಈ ನಾಟಕ?"

"ದಿನಾ ಎರಡು ಪ್ರದರ್ಶನ" ಎಂದಳು ಹೆಂಡತಿ, ಗಂಡನ ಲೋಟಕ್ಕೆ ಹಾಲು ಸುರಿಯುತ್ತ.