ವೈನಿಯ ತುತ್ತು

ನಮ್ಮ ವೈನಿಯಷ್ಟು ಅಪಾಯಕಾರಿ ಹೆಂಗಸು ಜಮಖಂಡಿಯಿಂದ ಮುಧೋಳದವರೆಗೆ ಇನ್ನೊಬ್ಬಳಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಅದೊಂದನ್ನು ಬಿಟ್ಟು ಬೇರೇನನ್ನೂ ಬರೆದುಕೊಡಲಾರೆ! ತಂಗಿಯನ್ನು ನೋಡಲು ಮುಧೋಳದವರು ಬನಹಟ್ಟಿಯ ನಮ್ಮ ಮನೆಗೆ ಬಂದ ದಿನ ನಿಜವಾಗಿ ಏನಾಯಿತೆಂಬುದು ನನಗೆ ಖಚಿತವಿಲ್ಲ. ನಾನು ಅಲ್ಲೇ ಇದ್ದೆ, ಕಣ್ಣು ತೆರೆದೇ ಇದ್ದೆ. ಆದರೂ ಅವ್ವ ಹೇಳುವುದು ಒಂದು, ದೊಡ್ಡವ್ವ ಹೇಳುವುದು ಇನ್ನೊಂದು, ನನ್ನ ತಲೆಯಲ್ಲಿರುವುದು ಮೂರನೆಯದು. ಇತಿಹಾಸದಲ್ಲಿ ಎಂ.ಎ. ಮಾಡಿ, ಎಲ್ಲದಕ್ಕೂ ಆಧಾರ ಕೇಳುವುದನ್ನು ಕಲಿತವನ ಗತಿ ಇದು. ಆಧಾರ ಕೇಳುತ್ತ ಕೇಳುತ್ತ ಕೊನೆಗೆ ನನ್ನ ಮೇಲೆಯೇ ನನಗೆ ನಂಬಿಕೆ ಹೋಗಿದೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಥಿಯೋಪಿಯಾದವಳು. ಅಣ್ಣ ಪವರ್‌ಲೂಮ್ ರಿಪೇರಿಯಲ್ಲಿ ಪಳಗಿದ ಕೈ. ಅಲ್ಲಿಯ ಬಟ್ಟೆ ಗಿರಣಿಯೊಂದಕ್ಕೆ ಕೆಲಸಕ್ಕೆ ಹೋದ, ಕೆಲವು ವರ್ಷ ಇದ್ದ, ಬರುವಾಗ ಸೂಟ್‌ಕೇಸಿನ ಜತೆ ಈಕೆಯನ್ನೂ ಕರೆತಂದ. ಬನಹಟ್ಟಿ ಬೆಚ್ಚಿಬಿತ್ತು. ಬೆಚ್ಚಿದ ಮೇಲೆ ಏನು ಮಾಡಿತು ಗೊತ್ತೇ? ಉಣ್ಣಲು ಕೊಡತೊಡಗಿತು!

ನಮ್ಮ ಓಣಿಯ ತಲೆಯಲ್ಲಿ ಇಥಿಯೋಪಿಯಾ ಎಂದರೆ ಯಾವ ಕಾಲದಲ್ಲೋ ಟಿ.ವಿ.ಯಲ್ಲಿ ಕಂಡ ಎಲುಬಿನ ಹಂದರದ ಮಕ್ಕಳು, ಅಷ್ಟೇ. ಹೀಗಾಗಿ ಎಡಮನೆಯಿಂದ ರೊಟ್ಟಿ, ಬಲಮನೆಯಿಂದ ಝುಣಕ, ಎದುರುಮನೆಯಿಂದ ಶೇಂಗಾ ಹೋಳಿಗೆ. "ಪಾಪ, ಉಣ್ಣಲಿ ಬಿಡ್ರಿ. ಹಸದ ದೇಶದಾಕಿ." ಕನ್ನಡ ಬರುವವರೆಗೆ ವೈನಿ ಎಲ್ಲವನ್ನೂ ನಗುತ್ತ ತಿಂದಳು. ಕನ್ನಡ ಬಂದ ದಿನ ಯುದ್ಧ ಸಾರಿದಳು.

ಆಕೆಯ ಆಯುಧ ತುತ್ತು. ಅವರ ದೇಶದಲ್ಲಿ ಪ್ರೀತಿಯಿದ್ದವರಿಗೆ, ಗೌರವ ಕೊಡಬೇಕಾದವರಿಗೆ, ಮನೆಗೆ ಬಂದ ಅತಿಥಿಗೆ ತನ್ನ ಕೈಯಾರೆ ತುತ್ತು ಕಟ್ಟಿ ಬಾಯಿಗೇ ಇಡುವ ಪದ್ಧತಿಯಿದೆ. ಗುರ್ಶಾ ಎನ್ನುತ್ತಾರಂತೆ. ಬೇಡ ಎಂದರೆ ಅವಮಾನ. ತುತ್ತು ದೊಡ್ಡದಿದ್ದಷ್ಟೂ ಪ್ರೀತಿ ದೊಡ್ಡದು! ಓಣಿಯಲ್ಲಿ ಯಾರೇ 'ಹಸಿವು' ಎಂಬ ಮಾತು ಎತ್ತಲಿ, ವೈನಿ ಒಳಗೆ ಹೋಗಿ ನಿಂಬೆಹಣ್ಣಿನ ಗಾತ್ರದ ತುತ್ತು ಹಿಡಿದು ಬರುತ್ತಿದ್ದಳು. ನಮ್ಮ ದೊಡ್ಡವ್ವ ಮಡಿಯ ಮುದುಕಿ, ಪರರ ಕೈನೀರು ಮುಟ್ಟದವಳು. ಒಮ್ಮೆ ಆಕೆಯೂ ಸಿಕ್ಕಿಬಿದ್ದಳು.

"ದೊಡ್ಡವ್ವಾ, ಬಾಯಿ ತಗಿ ಬೇ."

"ಏ, ದೂರ ಸರಿ! ನನಗ—" ಅಷ್ಟರಲ್ಲಿ ತುತ್ತು ಒಳಗೆ.

ದೊಡ್ಡವ್ವ ಸಿಟ್ಟಿನಿಂದ ಕೆಂಪಗಾಗಿ ಬಹಳ ಹೊತ್ತು ಅಗಿದಳು. ಕೊನೆಗೆ ನುಂಗಿ, "ಉಪ್ಪ ಕಮ್ಮಿ ಆಗೈತಿ" ಎಂದಳು.

ಪ್ರಶ್ನೆ ಕೇಳುವವರಿಗೂ ಕೊರತೆಯಿರಲಿಲ್ಲ. "ನಿಮ್ಮ ಊರಾಗ ಸಿಂಹ ಹಂಗs ಓಡ್ಯಾಡತಾವಂತ, ಖರೆ ಏನ?" ಎಂದು ಬಳೆಗಾರ್ತಿ ಕೇಳಿದರೆ, "ಹೂಂನ್ರಿ, ಬಸ್ ಸ್ಟ್ಯಾಂಡಿನ್ಯಾಗ ಪಾಳಿ ಹಚ್ಚತಾವು. ನಿಮ್ಮ ಮಂದಿಗಿಂತ ಛಲೋ ಪಾಳಿ!" ಎಂದು ವೈನಿಯ ಉತ್ತರ. ತಮ್ಮ ದೇಶದ ಕ್ಯಾಲೆಂಡರು ನಮಗಿಂತ ಏಳೆಂಟು ವರ್ಷ ಹಿಂದಿದೆ ಎಂದು ಆಕೆ ಹೇಳಿದಾಗ ಓಣಿ ನಗಾಡಿತು. ದೊಡ್ಡವ್ವ ಮಾತ್ರ ನಗಲಿಲ್ಲ. "ನನಗೊಂದ ಟಿಕೆಟ್ ತಗಸವಾ. ಈ ಮೊಣಕಾಲ ನೋವ ಸುರು ಆಗೂಕಿಂತ ಮುಂಚೆ ಹೋಗಿ ಕುಂದರ್ತೀನಿ."

ಇಷ್ಟರವರೆಗೆ ನಗು. ತಂಗಿಗೆ ವರ ನೋಡತೊಡಗಿದಾಗ ನಗು ನಿಂತಿತು.

ಮೊದಲು ಬೀಳಗಿಯವರು ಬಂದರು. ವೈನಿಯನ್ನು ಕಂಡರು, ಚಹಾ ಕುಡಿದರು, ಹೋದರು. ಆಮೇಲೆ ಮಹಾಲಿಂಗಪುರದವರು. ಎರಡೂ ಕಡೆಯಿಂದ ಬಂದ ಫೋನು ಒಂದೇ: "ಜಾತಕ ಕೂಡಲಿಲ್ಲರಿ." ನಾವು ಜಾತಕ ಕೊಟ್ಟೇ ಇರಲಿಲ್ಲ!

ಮೂರನೆಯದು ಮುಧೋಳದ ಸಂಬಂಧ. ಇದು ಹಾಗಲ್ಲ. ಆ ಹುಡುಗ ಮತ್ತು ನನ್ನ ತಂಗಿ ಜಮಖಂಡಿಯಲ್ಲಿ ಶಿಕ್ಷಕರ ತರಬೇತಿಯಲ್ಲಿ ಜತೆಗಿದ್ದವರು. ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ತಾಯಿ ಹೂಂ ಎಂದರೆ ಆಯಿತು, ಇಲ್ಲವೆಂದರೆ ತಾಯಿಯ ಮಾತು ಮೀರುವವನಲ್ಲ ಆತ. ಆ ತಾಯಿಯೋ, ಮಾತು ಕಡಿಮೆ, ನೋಟ ಜಾಸ್ತಿ ಎಂದು ಹೆಸರಾದವರು. ತಂಗಿ ಆ ವಾರವೆಲ್ಲ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ದೊಡ್ಡವ್ವ ತೀರ್ಪು ಕೊಟ್ಟಳು. "ಆಕೀನ ಅವತ್ತೊಂದಿನ ಚಿಮ್ಮಡದಾಗಿನ ನಮ್ಮ ಅಕ್ಕನ ಮನಿಗೆ ಕಳಸ್ರಿ. ಲಗ್ನ ಆದಮ್ಯಾಲೆ ಗೊತ್ತಾದ್ರ ಆಗ್ಲಿ."

ಅಣ್ಣ ತಲೆ ತಗ್ಗಿಸಿದ. ನಾನು ತತ್ವದ ಮಾತೇನೋ ಆಡಿದೆ ಎಂದು ನನ್ನ ನೆನಪು. ನೀನು ಬಾಯಿ ಬಿಡಲೇ ಇಲ್ಲ ಎಂದು ಅವ್ವನ ನೆನಪು. ಅವ್ವನ ಪಕ್ಷ ಬಲವಾಗಿದೆ.

ವೈನಿ ಜಗಳವಾಡುತ್ತಾಳೆ ಎಂದುಕೊಂಡಿದ್ದೆವು. ಆಡಲಿಲ್ಲ! "ಆತು ಬೇ" ಎಂದಳು. ಆ ಬೆಳಿಗ್ಗೆ ಅಂಚಿಗೆ ಕಸೂತಿ ಹಾಕಿದ ತನ್ನ ಬಿಳಿ ಶಾಲು ಹೊದ್ದು, ಆಟೋದಲ್ಲಿ ಕೂತು ಹೊರಟೇಹೋದಳು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮುಧೋಳದವರು ಬಂದರು: ಹುಡುಗ, ಅವನ ತಾಯಿ, ಸೋದರಮಾವ. ಈ ಮಾವನಿಗೆ ದನಿ ದೊಡ್ಡದು, ಅನುಮಾನ ಅದಕ್ಕಿಂತ ದೊಡ್ಡದು. ಉಪ್ಪಿಟ್ಟು ಕೊಟ್ಟೆವು. ಸಿಹಿ ಕೊಡಲಿಲ್ಲ. ನಮ್ಮ ಕಡೆ ಸಂಬಂಧ ಗಟ್ಟಿಯಾಗುವವರೆಗೆ ಬೀಗರ ಬಾಯಿ ಸಿಹಿ ಮಾಡುವಂತಿಲ್ಲ. ಬಾಯಿ ಸಿಹಿಯಾಯಿತೆಂದರೆ ಮಾತು ಮುಗಿದಂತೆ. ಅವ್ವ ಆಸೆಯಿಂದ ಮಾಡಿದ್ದ ಮಾದಲಿ, ಬೆಲ್ಲ ತುಪ್ಪ ಹಾಕಿದ ಗೋದಿಯ ಸಿಹಿ, ಅಡುಗೆಮನೆಯ ಮಾಡದಲ್ಲಿ ಮುಚ್ಚಿಟ್ಟಿತ್ತು.

ಹುಡುಗನ ತಾಯಿ ತಂಗಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಮನ್ಯಾಗ ಯಾರ್ಯಾರ ಇರ್ತೀರಿ?"

ದೊಡ್ಡವ್ವ ಕೆಮ್ಮಿದಳು. ತಂಗಿ ಅವ್ವನ ಹೆಸರು ಹೇಳಿದಳು, ದೊಡ್ಡವ್ವನದು, ನಮ್ಮಿಬ್ಬರದು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ನಮ್ಮ ವೈನೀನೂ ಇರ್ತಾರ್ರಿ. ಬರಾಕತ್ತಾರ. ನಾನs ಫೋನ್ ಮಾಡಿ ಕರಸೀನಿ."

ದೊಡ್ಡವ್ವ ಮತ್ತೆ ಕೆಮ್ಮಿದಳು. ಮನೆಯ ಹಿಂದಿನ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳ ಸದ್ದಿತ್ತೋ ನಿಂತಿತ್ತೋ, ನನಗಂತೂ ಏನೂ ಕೇಳಿಸಲಿಲ್ಲ. ಹೊರಗೆ ಆಟೋ ನಿಂತಿತು. ವೈನಿ ಒಳಗೆ ಬಂದು, ಎಲ್ಲರಿಗೂ ಕೈ ಮುಗಿದು, ತಂಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಸೋದರಮಾವ ಆಕೆಯನ್ನು ಮೇಲಿನಿಂದ ಕೆಳಗೆ ಅಳೆದ. "ಎಲ್ಲಿಯವರವಾ ನೀವು?"

"ಇಥಿಯೋಪಿಯಾರಿ."

"ಹಾಂ! ಅಲ್ಲಿ ಉಣ್ಣಾಕ ಸಿಗೂದಿಲ್ಲಂತಲ್ಲ?"

ಅಣ್ಣನ ಮುಖ ಕಪ್ಪಿಟ್ಟಿತು. ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು.

ವೈನಿ ಮೆಲ್ಲಗೆ ಕೇಳಿದಳು, "ಕಾಕಾ, ಮುಂಜಾನಿ ಏನ್ ಉಂಡ್ ಬಂದ್ರಿ?"

"ರೊಟ್ಟಿ, ಬದನಿಕಾಯಿ ಪಲ್ಲೆ."

"ಯಾತರ ರೊಟ್ಟಿರಿ?"

"ಯಾತರದ ಅಂದ್ರ? ಜ್ವಾಳದ್ದು!"

"ಆ ಜ್ವಾಳ ಮೊದಲ ಬೆಳದದ್ದು ನಮ್ಮ ಕಡೇನs ರಿ. ನಮ್ಮಲ್ಲಿಂದ ನಿಮ್ಮ ತಾಟಿಗೆ ಬಂದೈತಿ. ಬರಗಾಲ ನಮಗೂ ಬಂದಿತ್ತು. ನಿಮಗ ಬಂದಿಲ್ಲೇನ್ರಿ? ಅದನ್ನs ನಿಮ್ಮ ಹೆಸರು ಮಾಡಿ ಕರದ್ರ ಹೆಂಗಾಗತೈತಿ?"

ಇದನ್ನು ಆಕೆ ಇಷ್ಟು ಚೆನ್ನಾಗಿ ಹೇಳಿದಳೋ, ನಾನು ಆಮೇಲೆ ತಿದ್ದಿಕೊಂಡೆನೋ ಹೇಳಲಾರೆ. ಜೋಳದ ತವರು ಆಫ್ರಿಕಾದ ಆ ಭಾಗವೆಂದು ನಾನೂ ಎಲ್ಲೋ ಓದಿದ್ದೆ. ಧಾರವಾಡದಲ್ಲಿ ಓದುವಾಗ ದಕ್ಷಿಣದ ಗೆಳೆಯರು ನನ್ನನ್ನು 'ಬರಗಾಲದವ' ಎಂದು ಕರೆಯುತ್ತಿದ್ದುದೂ ಆ ಕ್ಷಣ ನೆನಪಾಯಿತು. ಎರಡನ್ನೂ ಬಾಯಿಬಿಟ್ಟು ಹೇಳಲಿಲ್ಲ. ಮಾವ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಿದ್ದ.

ಮಾತು ಅಲ್ಲಿಗೆ ನಿಂತಿದ್ದರೂ ಸಾಕಿತ್ತು. ವೈನಿ ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಮಾದಲಿಯ ಬಟ್ಟಲು! ಬಂದವರಿಗೆ ಕೈತುತ್ತು ಕೊಡದೆ ಕಳಿಸಬಾರದೆಂಬುದು ಆಕೆಗೆ ಗೊತ್ತಿತ್ತು. ಮಾತು ಮುಗಿಯುವ ಮೊದಲು ಸಿಹಿ ಕೊಡಬಾರದೆಂಬುದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವ ಕಣ್ಸನ್ನೆ ಮಾಡಿದಳು. ದೊಡ್ಡವ್ವ "ಏ... ಏ..." ಎಂದಳು. ವೈನಿ ಹುಡುಗನ ತಾಯಿಯ ಎದುರು ಮೊಣಕಾಲೂರಿ, ತುಪ್ಪ ಸೋರುವ ತುತ್ತು ಕಟ್ಟಿ, ಅವರ ಬಾಯಿಯ ಮುಂದೆ ಹಿಡಿದಳು.

"ತಗೋರಿ ಯವ್ವಾ."

ಕೈ ಹಾಗೆಯೇ ನಿಂತಿತು. ಆ ತಾಯಿ ಮೊದಲು ತುತ್ತನ್ನು ನೋಡಿದರು, ಆಮೇಲೆ ಆಕೆಯ ಮುಖವನ್ನು, ಆಮೇಲೆ ನನ್ನ ತಂಗಿಯನ್ನು. ತಂಗಿಯ ಬೆರಳಿಗೆ ಸುತ್ತಿದ ಸೆರಗು ಬಿಚ್ಚಿಬಿದ್ದಿತ್ತು. "ಅಕ್ಕಾ, ಇನ್ನೂ ಮಾತ—" ಎಂದು ಮಾವ ಬಾಯಿ ಹಾಕಿದ.

"ನೀ ಸುಮ್ಮನ ಕುಂದರೋ" ಎಂದರು ಆ ತಾಯಿ. ಬಾಯಿ ತೆರೆದರು.

ನಿಧಾನವಾಗಿ ಅಗಿದರು. ನುಂಗಿದರು. "ಸೊಸಿನ ಹಿಂಗ ನಡಸ್ಕೊಂಡ ಮನಿ. ನಮ್ಮ ಹುಡುಗನ್ನೂ ಛಲೋ ನೋಡ್ಕೋತೀರಿ" ಎಂದರು. ಅಣ್ಣ ಇನ್ನಷ್ಟು ತಲೆ ತಗ್ಗಿಸಿದ, ಪಾಪ! ಆಮೇಲೆ ಅವರು ಅದೇ ಬಟ್ಟಲಿಗೆ ಕೈಹಾಕಿ, ಅಷ್ಟೇ ದೊಡ್ಡ ತುತ್ತು ಕಟ್ಟಿ ವೈನಿಯ ಬಾಯಿಗೆ ಒಡ್ಡಿದರು. "ಈಗ ನೀ ತಗೋ, ಮಗಳ."

ವೈನಿ ಹಿಂಜರಿದಳು. ತುಟಿಗಳು ಬಿಗಿದವು. ಊರಿಗೆಲ್ಲ ತುತ್ತು ತುರುಕಿದವಳು ತನ್ನ ಸರದಿ ಬಂದಾಗ ಬಾಯಿ ತೆರೆಯಲೊಲ್ಲಳು! ಮೊಬೈಲಿನಲ್ಲಿ ಆಗಷ್ಟೇ ಪಟ ತೆಗೆದಿದ್ದ ನಾನು, ಕೂಡಿದ್ದು ಮುರಿಯಿತೇ ಎಂದುಕೊಂಡೆ. ಆಕೆ ಒಮ್ಮೆ ತಂಗಿಯ ಕಡೆ ನೋಡಿದಳು. ಕಣ್ಣು ಮುಚ್ಚಿದಳು. ತಿಂದಳು. ಕಣ್ಣ ತುದಿಯಿಂದ ನೀರು ಇಳಿಯಿತು.

"ಪಾಪ, ಕೂಸು ಹಸದಿತ್ತು" ಎಂದ ಸೋದರಮಾವ. ಈ ಸಲ ಅವನ ದನಿ ಮೆತ್ತಗಿತ್ತು.

ಆ ಮಾತಿಗೆ ವೈನಿ ಸಿಡಿಯುತ್ತಾಳೆ ಎಂದು ಕಾದೆವು. ಆಕೆ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು, "ಹೂಂನ್ರಿ ಕಾಕಾ, ಹಸದಿದ್ದೆ" ಎಂದಳು.

ತಂಗಿ ಈಗ ಮುಧೋಳದಲ್ಲಿದ್ದಾಳೆ. ಮೊನ್ನೆ ಬಂದಾಗ ಈ ಕಥೆಯನ್ನು ನಾನು ನಗುತ್ತ ಹೇಳತೊಡಗಿದರೆ, ನನ್ನನ್ನು ತಡೆದಳು.

"ಅಣ್ಣಾ, ಅವತ್ತ ವೈನಿ ಉಪವಾಸ ಇದ್ಲು. ಅವರ ಧರ್ಮದಾಗ ಶುಕ್ರವಾರ ಹೊತ್ತ ಇಳಿಯೂತನಕ ಉಣ್ಣೂದಿಲ್ಲ. ಆಮ್ಯಾಲೂ ಹಾಲು, ತುಪ್ಪ ಮುಟ್ಟೂದಿಲ್ಲ. ಸಣ್ಣಾಕಿದ್ದಾಗಿಂದ ಒಂದ ಸಲಾನೂ ತಪ್ಪಿಸಿರಲಿಲ್ಲಂತ."

"ಮನ್ಯಾಗ ಯಾರಿಗೂ ಗೊತ್ತಿಲ್ಲಲ್ಲ?"

"ಹೆಂಗ ಹೇಳ್ತಾಳ? ಉಪವಾಸ ಅಂದ್ರ ಮಂದಿ ಮತ್ತ ಹಸದ ದೇಶದ ಚಾಳಿ ಅಂತಾರ. ಅದಕ್ಕs ಉಂಡೀನಿ ಉಂಡೀನಿ ಅಂತಿದ್ಲು. ದೊಡ್ಡಣ್ಣನ್ನ ಬಿಟ್ರ ನನಗೊಬ್ಬಾಕಿಗೆ ಹೇಳಿದ್ಲು."

ನಂಬಲು ಮನಸ್ಸಾಯಿತು. ಆದರೆ ಅಭ್ಯಾಸಬಲ! ಮುಧೋಳದವರು ಬಂದದ್ದು ರವಿವಾರ ಎಂದು ಅವ್ವ, ಸೋಮವಾರ ಎಂದು ದೊಡ್ಡವ್ವ. ಹುಡುಗನ ತಾಯಿ ವೈನಿಗೆ ತುತ್ತು ಕೊಡುವಾಗ ನಾನು ಮೊಬೈಲಿನಲ್ಲಿ ಒಂದು ಪಟ ತೆಗೆದಿದ್ದೆ. ಅದನ್ನು ಹುಡುಕಿ, ತಾರೀಖು ನೋಡಿ, ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿದೆ.

ಆ ದಿನ ಶುಕ್ರವಾರ.